ಹನ್ನೆರಡಾಣೆ ನೆಮ್ಮದಿ

(ಹಾಸನದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ಊರಿನ ಕೆಲವು ಆಸಕ್ತರ ಮುಂದೆ, ನೆಮ್ಮದಿಯನ್ನೂ ಒಂಟಿತನವನ್ನೂ ಸಮೀಕ್ಷೆಗಳು ಹೇಗೆ ಅಳೆಯುತ್ತವೆ ಅನ್ನುವುದರ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ?

ಒಂದು ಮನೆಯಿಂದ ಶುರು ಮಾಡುತ್ತೇನೆ. ಬಹಳ ವರ್ಷದ ಹಿಂದಿನ ಮಾತು. ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಒಂದು ಸಮೀಕ್ಷೆಗೆ ಮನೆ ಮನೆ ತಿರುಗಿ ಫಾರಂ ತುಂಬುವ ಕೆಲಸ ಸಿಕ್ಕಿತು. ಮೂಡಿಗೆರೆ ಕಡೆಯ ಒಂದು ಒಂಟಿಮನೆ. ಬಸ್ಸು ಇಳಿದು ತೋಟದೊಳಗೆ ಅರ್ಧ ಗಂಟೆ ನಡೆಯಬೇಕು. ಜುಲೈ ತಿಂಗಳು. ಕೊಡೆ ಇದ್ದೂ ಮೈಯೆಲ್ಲ ಒದ್ದೆ. ಮನೆಯಲ್ಲಿ ಇದ್ದಿದ್ದು ಒಬ್ಬರು ಅಜ್ಜಿ, ಅವರ ಸೊಸೆ.

"ಅಜ್ಜೀ, ಒಟ್ಟಾರೆ ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ" ಅಂದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ನೋಡಿದರು. "ಹತ್ತು ಬರ್ಕೊಳಪ್ಪ" ಅಂದರು. ಬರೆದುಕೊಂಡೆ. ಸೊಸೆ ಕಾಫಿ ತರಲು ಒಳಗೆ ಹೋದರು. ಅಜ್ಜಿ ದನಿ ತಗ್ಗಿಸಿದರು. "ಮಳೆ ಹಿಡಿದರೆ ಮನೆ ಬಿಕೋ ಅಂತದೆ ಕಣಪ್ಪ. ನೀನು ಬಂದಿದ್ದು ಒಳ್ಳೇದಾಯ್ತು. ಇನ್ನೊಂದು ಗಳಿಗೆ ಕೂತ್ಕೋ."

ನನ್ನ ಫಾರಂನಲ್ಲಿ "ಬಿಕೋ" ಬರೆಯಲು ಜಾಗ ಇರಲಿಲ್ಲ. ಹತ್ತು ಅಂತಲೇ ಮೇಲಕ್ಕೆ ಹೋಯಿತು. ನೂರಾರು ಹತ್ತು, ಎಂಟು, ಐದುಗಳ ಜೊತೆ ಸೇರಿ ಒಂದು ಸರಾಸರಿ ಆಯಿತು.

ಅಜ್ಜಿ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ನಾನು ಕೇಳಿದ ರೀತಿಗೆ, ಕೇಳಿದ ಜಾಗಕ್ಕೆ ಅದೇ ಸರಿಯಾದ ಉತ್ತರ. ಇವತ್ತು ನಾನು ಹೇಳಲು ಬಂದಿರುವುದೂ ಇಷ್ಟೇ. ಪೇಪರಿನಲ್ಲಿ "ಇಷ್ಟು ಶೇಕಡಾ ಜನ ಒಂಟಿ" ಅಂತ ಓದಿದಾಗ ನಂಬರನ್ನು ನೋಡುವ ಮೊದಲು ಪ್ರಶ್ನೆಯನ್ನು ಹುಡುಕಿ ಓದಿ. ಯಾರನ್ನು, ಯಾವ ಮಾತಿನಲ್ಲಿ, ಯಾರ ಎದುರಿಗೆ ಕೇಳಿದರು ಅಂತ ನೋಡಿ.

ಮನಸ್ಸಿನ ಲೆಕ್ಕ ಸರ್ಕಾರಕ್ಕೆ ಯಾಕೆ ಬೇಕಾಯಿತು? ದೇಶದ ಉತ್ಪನ್ನ ಏರುತ್ತಿದ್ದರೂ ಜನರ ಬದುಕು ಹಾಗೇ ಏರುತ್ತಿದೆ ಅಂತ ಹೇಳಲಾಗದು ಎಂಬ ಮಾತು ಹಳೆಯದು. 2008ರಲ್ಲಿ ಫ್ರಾನ್ಸಿನ ಅಧ್ಯಕ್ಷರು ಒಂದು ಆಯೋಗ ಮಾಡಿದರು. ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಸ್, ನಮ್ಮ ಅಮರ್ತ್ಯ ಸೇನ್, ಜಾನ್-ಪಾಲ್ ಫಿಟೂಸಿ ಅದನ್ನು ನಡೆಸಿದರು. ಜನ ತಮ್ಮ ಬದುಕನ್ನು ತಾವೇ ಹೇಗೆ ಕಾಣುತ್ತಾರೆ ಅನ್ನುವುದನ್ನೂ ಅಂಕಿಅಂಶ ಇಲಾಖೆಗಳು ಕೇಳಬೇಕು ಅಂತ 2009ರ ವರದಿಯಲ್ಲಿ ಹೇಳಿದರು. ಪಕ್ಕದ ಭೂತಾನ್ ಇದನ್ನು ತನ್ನದೇ ದಾರಿಯಲ್ಲಿ ಮೊದಲೇ ಹಿಡಿದಿತ್ತು. ಅವರದು 9 ವಿಭಾಗ, 33 ಸೂಚಕಗಳ ದೊಡ್ಡ ಲೆಕ್ಕ. ಅದರ ಒಳಗೆ ಇವತ್ತು ಹೋಗುವುದಿಲ್ಲ, ಹೋದರೆ ಊಟದ ಹೊತ್ತು ಮೀರುತ್ತದೆ.

ನಾನು ಬ್ರಿಟನ್ನಿನ ಪ್ರಶ್ನೆಗಳನ್ನು ಹಿಡಿದುಕೊಳ್ಳುತ್ತೇನೆ. ಸರಳವಾಗಿವೆ, ಸರ್ಕಾರಿ ಅಂಕಿಅಂಶ ಇಲಾಖೆಯೇ ಕೇಳುತ್ತದೆ, ಏಪ್ರಿಲ್ 2011ರಿಂದ ನಡೆದುಕೊಂಡು ಬಂದಿವೆ. ಬರೀ ನಾಲ್ಕು ಪ್ರಶ್ನೆ. ಈಚೆಗೆ ನಿಮ್ಮ ಬದುಕು ಎಷ್ಟು ತೃಪ್ತಿ ಕೊಡುತ್ತಿದೆ? ನೀವು ಮಾಡುತ್ತಿರುವುದಕ್ಕೆ ಎಷ್ಟು ಅರ್ಥ ಇದೆ ಅನ್ನಿಸುತ್ತದೆ? ನಿನ್ನೆ ಎಷ್ಟು ಖುಷಿಯಾಗಿದ್ದಿರಿ? ನಿನ್ನೆ ಎಷ್ಟು ಆತಂಕ ಇತ್ತು? ಎಲ್ಲಕ್ಕೂ ಸೊನ್ನೆಯಿಂದ ಹತ್ತು.

ಇದರಲ್ಲಿ ಒಂದು ಜಾಣತನ ಇದೆ. ಮೊದಲ ಎರಡು ಇಡೀ ಬದುಕಿನ ಬಗ್ಗೆ. ಕೂತು ಯೋಚಿಸಿ ಹೇಳಬೇಕು. ಕೊನೆಯ ಎರಡು ನಿನ್ನೆಯ ಬಗ್ಗೆ ಮಾತ್ರ. ನಿನ್ನೆ ಯಾಕೆ? ನೆನಪು ಇನ್ನೂ ಹಸಿಯಾಗಿರುತ್ತದೆ. "ಹೋದ ವರ್ಷ ಎಷ್ಟು ಖುಷಿಯಾಗಿದ್ದಿರಿ" ಅಂದರೆ ನಾವು ನೆನಪಿಸಿಕೊಳ್ಳುವುದಿಲ್ಲ, ಸುಮ್ನೆ ಒಂದು ಅಂದಾಜು ಕಟ್ಟಿ ಹೇಳುತ್ತೇವೆ. ಬದುಕಿನ ಅಂಕ, ನಿನ್ನೆಯ ಅಂಕ ಎರಡೂ ಬೇರೆ ಬೇರೆ ದಾರಿ ಹಿಡಿಯಬಹುದು ಅನ್ನುವುದನ್ನೂ ಗಮನಿಸಿ. ಸಣ್ಣ ಮಗು ಇರುವ ತಾಯಿಯನ್ನು ಕೇಳಿ. ಬದುಕಿಗೆ ಒಂಬತ್ತು ಕೊಟ್ಟಾರು. ನಿನ್ನೆಗೆ ನಾಲ್ಕು.

ಆದರೆ ಒಬ್ಬರ ನಿನ್ನೆ ಊರಿನ ನಿನ್ನೆ ಅಲ್ಲ. ಆಲೂರು, ಸಕಲೇಶಪುರದ ಕಡೆ ನಿನ್ನೆ ರಾತ್ರಿ ಗದ್ದೆಗೆ ಆನೆ ಇಳಿದಿದ್ದರೆ, ಇವತ್ತು ಕೇಳಿದ ಆತಂಕದ ಪ್ರಶ್ನೆಗೆ ಹತ್ತೇ ಬರುತ್ತದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಸರಿಯಾದ ಹೊತ್ತಿಗೆ ಬಿದ್ದ ಮಾರನೇ ದಿನ ಕಾಫಿ ಬೆಳೆಗಾರರನ್ನು ಕೇಳಿದರೆ ಖುಷಿಗೆ ಹತ್ತು. ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ಈ ಊರಿನಲ್ಲಿ ಸಮೀಕ್ಷೆ ಮಾಡಿದಿರಿ ಅನ್ನಿ. ಮಕ್ಕಳು ಬೆಂಗಳೂರಿನಿಂದ ಬಂದಿರುತ್ತಾರೆ, ಮನೆ ತುಂಬಾ ನೆಂಟರು. ಯಾರು ಒಂಟಿ? ಬಾಗಿಲು ಹಾಕಿದ ಮರುವಾರ ಬನ್ನಿ, ಗೊತ್ತಾಗುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಈ ಪ್ರಶ್ನೆಗಳನ್ನು ವರ್ಷಪೂರ್ತಿ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರ ನಿನ್ನೆ ಏರುಪೇರಾದರೂ ಸಾವಿರಾರು ನಿನ್ನೆಗಳು ಸೇರಿದಾಗ ಒಂದು ದೇಶದ ಸಾಮಾನ್ಯ ದಿನ ಕಾಣುತ್ತದೆ.

ಇನ್ನು ಆ ಹತ್ತು. ನಮ್ಮಲ್ಲಿ ಹತ್ತಕ್ಕೆ ಎಷ್ಟು ಅಂದ ಕೂಡಲೇ ತಲೆಯಲ್ಲಿ ಪರೀಕ್ಷೆ ಓಡುತ್ತದೆ. ನೂರಕ್ಕೆ ಮೂವತ್ತೈದು ಬಂದರೆ ಪಾಸು ಅಂತಲೇ ನಾವು ಬೆಳೆದದ್ದು. ಹಾಗಾಗಿ ನಾಲ್ಕು ಅಂದರೆ "ಪಾಸಾಗಿದ್ದೀನಿ ಬಿಡಿ". ಬ್ರಿಟನ್ನಿನ ಇಲಾಖೆಯ ಲೆಕ್ಕದಲ್ಲಿ ತೃಪ್ತಿಗೆ 0ಯಿಂದ 4ರವರೆಗೆ ಕೊಟ್ಟವರು ಕಡಿಮೆ ಎಂಬ ಗುಂಪಿಗೆ ಬೀಳುತ್ತಾರೆ. 5, 6 ಮಧ್ಯಮ. 7, 8 ಹೆಚ್ಚು. 9, 10 ಬಹಳ ಹೆಚ್ಚು. ನಮ್ಮ ನಾಲ್ಕೂ ಅವರ ನಾಲ್ಕೂ ಒಂದೇ ಏನು? ನನಗೆ ಅನುಮಾನ.

ಹಳಬರ ಹತ್ತಿರ ನಾನು ಇನ್ನೊಂದು ಪ್ರಯೋಗ ಮಾಡಿದ್ದೇನೆ. ಆಣೆ ಲೆಕ್ಕದಲ್ಲಿ ಕೇಳುವುದು. "ರೂಪಾಯಿಗೆ ಎಷ್ಟಾಣೆ ನೆಮ್ಮದಿ ಯಜಮಾನ್ರೆ?" ಅಂದರೆ ತಡವರಿಸದೆ ಹೇಳುತ್ತಾರೆ. ಹರದನಹಳ್ಳಿ ಕಡೆಯ ಒಬ್ಬ ಹಿರಿಯರು "ಹನ್ನೆರಡಾಣೆ" ಅಂದರು. "ಉಳಿದ ನಾಲ್ಕಾಣೆ?" ಅಂದೆ. "ಮಂಡಿ ನೋವು ಎರಡಾಣೆ, ಮಗ ಎರಡಾಣೆ." ಹತ್ತರ ಲೆಕ್ಕಕ್ಕೆ ತಂದರೆ ಅದು ಏಳೂವರೆ. ಆದರೆ ಏಳೂವರೆ ಅಂತ ಕೇಳಿದ್ದರೆ ಆ ಮಂಡಿ, ಆ ಮಗ ಸಿಗುತ್ತಿರಲಿಲ್ಲ. ಇದನ್ನು ವಿಧಾನ ಅಂತ ಹೇಳುತ್ತಿಲ್ಲ. ಆಣೆ ಗೊತ್ತಿಲ್ಲದ ನಿಮ್ಮ ವಯಸ್ಸಿನವರನ್ನು ಹಾಗೆ ಕೇಳಲಾಗುವುದಿಲ್ಲ. ಅಳತೆಗೋಲು ಕೂಡ ಒಂದು ಭಾಷೆ ಅಂತ ತೋರಿಸಲು ಹೇಳಿದೆ.

ನಮ್ಮಲ್ಲಿ ಇನ್ನೊಂದು ತೊಡಕು. "ಹೇಗಿದ್ದೀರಿ?" ಅಂದರೆ "ಏನೋ ಹೀಗಿದ್ದೀವಿ", "ದೇವರು ಇಟ್ಟಂಗೆ". ತುಂಬಾ ಚೆನ್ನಾಗಿದ್ದೀನಿ ಅಂದರೆ ದೃಷ್ಟಿ ಆಗುತ್ತದೆ. ಚೆನ್ನಾಗಿಲ್ಲ ಅಂದರೆ ಮನೆಯವರ ಮರ್ಯಾದೆ ಹೋಗುತ್ತದೆ. ಹಾಗಾಗಿ ಕೆಲವರು ನಡುವಿನ ಐದನ್ನು ಹಿಡಿದು ಕೂರುತ್ತಾರೆ. ಸೊಸೆ ಬಾಗಿಲಲ್ಲಿದ್ದರೆ ಹತ್ತು.

ನೀವೆಲ್ಲ ಕೇಳಿರುವ "ವಿಶ್ವ ಸಂತೋಷ ವರದಿ"ಗೆ ಬರೋಣ. ಪ್ರತಿ ಮಾರ್ಚಿನಲ್ಲಿ ಪೇಪರಿನಲ್ಲಿ ಬರುತ್ತದಲ್ಲ, ಫಿನ್‌ಲೆಂಡ್ ಮೊದಲು, ಭಾರತ ನೂರರ ಆಚೆ. 2025ರಲ್ಲಿ 147 ದೇಶಗಳಲ್ಲಿ ನಾವು 118. ಆ ಪಟ್ಟಿಗೆ ಆಧಾರವಾದ ಪ್ರಶ್ನೆಯಲ್ಲಿ ಸಂತೋಷ ಎಂಬ ಪದವೇ ಇಲ್ಲ! ಅದು ಏಣಿಯ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅರವತ್ತರ ದಶಕದಲ್ಲಿ ರೂಪಿಸಿದ್ದು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಒಂದು ಏಣಿ ಊಹಿಸಿಕೊಳ್ಳಿ, ತುತ್ತತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು, ಈಗ ಯಾವ ಮೆಟ್ಟಿಲಲ್ಲಿದ್ದೀರಿ ಅಂತ ಕೇಳುತ್ತಾರೆ. ಏಣಿ ಅಂದ ಕೂಡಲೇ ಜನರ ತಲೆಗೆ ಹಣ, ಅಧಿಕಾರ ಬರುತ್ತದೆ, ಏಣಿಯ ಮಾತು ತೆಗೆದು ಕೇಳಿದರೆ ಅದು ಕಡಿಮೆಯಾಗುತ್ತದೆ ಅಂತ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದು ಬ್ರಿಟನ್ನಿನ ಜನರ ಮೇಲೆ ಮಾಡಿದ್ದು.

ಮಲೆನಾಡಿನಲ್ಲಿ ಕೇಳಿದರೆ ಏನಾಗಬಹುದು? ಇಲ್ಲಿ ಏಣಿ ಅಂದರೆ ಮೆಣಸು ಕೊಯ್ಯುವ ಏಣಿ. ಸಿಲ್ವರ್ ಮರಕ್ಕೆ ಒರಗಿಸಿದ್ದು. ಹತ್ತನೇ ಮೆಟ್ಟಿಲು ಅತ್ಯುತ್ತಮ ಬದುಕಲ್ಲ, ಬಿದ್ದರೆ ಸೊಂಟ ಮುರಿಯುವ ಜಾಗ. ತೋಟದ ಕೂಲಿಯವರು ಬುದ್ಧಿವಂತರಾದರೆ ಐದನೇ ಮೆಟ್ಟಿಲೇ ಕ್ಷೇಮ ಅನ್ನುತ್ತಾರೆ. ತಮಾಷೆಗೆ ಹೇಳಿದೆ, ಪೂರ್ತಿ ತಮಾಷೆ ಅಲ್ಲ.

ಈಗ ಒಂಟಿತನ. ನನಗೆ ಹೆಚ್ಚು ಕಾಡುವುದು ಇದೇ.

ಮೊದಲು ಒಂದು ಗೊಂದಲ ಬಿಡಿಸೋಣ. ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಮನೆಯಲ್ಲಿ ಎಷ್ಟು ಜನ, ವಾರಕ್ಕೆ ಎಷ್ಟು ಜನರ ಜೊತೆ ಮಾತು, ಇದನ್ನೆಲ್ಲ ಹೊರಗಿನಿಂದ ಎಣಿಸಬಹುದು. ಒಂಟಿತನವನ್ನು ಎಣಿಸಲಾಗದು. ಇರಬೇಕು ಅಂದುಕೊಂಡ ಒಡನಾಟಕ್ಕೂ ಇರುವ ಒಡನಾಟಕ್ಕೂ ನಡುವಿನ ಕೊರತೆ ಅದು. ಕೊರತೆ ಎಷ್ಟು ಅಂತ ಅನುಭವಿಸುವವರೇ ಹೇಳಬೇಕು. ಅದರಲ್ಲೂ ಎರಡು ಬಗೆ ಇದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಹೇಳಿದರು. ಆಪ್ತರಾದ ಒಬ್ಬರು ಇಲ್ಲದ ಒಂಟಿತನ ಒಂದು. ಸುತ್ತ ಒಂದು ಬಳಗ ಇಲ್ಲದ ಒಂಟಿತನ ಇನ್ನೊಂದು. ಗಂಡ ತೀರಿಕೊಂಡ ಹೆಂಗಸಿಗೆ ಊರೆಲ್ಲ ನೆಂಟರಿದ್ದರೂ ಮೊದಲನೆಯದು ಹೋಗುವುದಿಲ್ಲ. ಮದುವೆಯಾಗಿ ದೂರದ ಊರಿಗೆ ಹೋದ ಹುಡುಗಿಗೆ ಗಂಡ ಎಷ್ಟೇ ಒಳ್ಳೆಯವನಾದರೂ ಎರಡನೆಯದು ಕಾಡುತ್ತದೆ.

ಇದನ್ನು ಗಮನಿಸಲು ನಮ್ಮ ಎರಡು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ಬೇಕಾ? ಹಾಸನ, ಚಿಕ್ಕಮಗಳೂರು ಎರಡರಲ್ಲೂ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಆ ಕಡೆ ಒಂಟಿಮನೆಗಳು. ಪಕ್ಕದ ಮನೆಯ ದೀಪ ಕಾಣುವುದಿಲ್ಲ. ಈ ಕಡೆ ಅರಸೀಕೆರೆ, ಕಡೂರಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಅರಳಿಕಟ್ಟೆ, ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ. ಹೊರಗಿನಿಂದ ನೋಡುವವರು ಮಲೆನಾಡಿಗರು ಜಾಸ್ತಿ ಒಂಟಿ ಅಂತಾರೆ. ನನ್ನ ಅನುಭವ ಹಾಗಿಲ್ಲ. ಒಂಟಿಮನೆಯಲ್ಲಿ ಹುಟ್ಟಿ ಬೆಳೆದವರಿಗೆ ದೂರ ಅಭ್ಯಾಸ. ಅರಳಿಕಟ್ಟೆಯ ಪಕ್ಕವೇ ಮನೆ ಇದ್ದು, ಕಟ್ಟೆಯ ಮೇಲೆ ಕೂರಲು ಯಾರೂ ಕರೆಯದವರ ಪಾಡು ಬೇರೆ. ಇದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ, ತಿರುಗಿ ನೋಡಿದ್ದಷ್ಟೇ.

ಆದರೆ ಒಂದು ಲೆಕ್ಕ ಇದೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11.41 ಲಕ್ಷ. 2011ರಲ್ಲಿ 11.38 ಲಕ್ಷ. ಆ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಒಂದೇ ಜಿಲ್ಲೆ ಅದು. ಹುಟ್ಟು ನಿಂತಿರಲಿಲ್ಲ. ಹೋದವರು ಯಾರು, ಉಳಿದವರು ಯಾರು ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ.

ಒಂಟಿತನ ಅಳೆಯಲು ಜಗತ್ತಿನಲ್ಲಿ ಹೆಚ್ಚು ಬಳಕೆಯಾಗುವ ಅಳತೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. 1978ರಲ್ಲಿ ಬಂದಾಗ 20 ವಾಕ್ಯಗಳಿದ್ದವು. ಮನೆ ಮನೆಗೆ ಹೋಗುವ ಸಮೀಕ್ಷೆಯಲ್ಲಿ 20 ಕೇಳಿದರೆ ಜನ ಎದ್ದು ಹೋಗುತ್ತಾರೆ. 2004ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ನನ್ನ ಕನ್ನಡದಲ್ಲಿ ಹೇಳುತ್ತೇನೆ: ಜೊತೆಗೆ ಒಬ್ಬರಿರಬೇಕಿತ್ತು, ಇಲ್ಲ ಅಂತ ಎಷ್ಟು ಸಲ ಅನ್ನಿಸುತ್ತದೆ? ನಿಮ್ಮನ್ನು ಬಿಟ್ಟು ಉಳಿದವರು ನಡೆಯುತ್ತಿದ್ದಾರೆ ಅಂತ? ಎಲ್ಲರಿಂದ ದೂರ ಉಳಿದಿದ್ದೀರಿ ಅಂತ? ಉತ್ತರ ಮೂರೇ ಬಗೆ. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಗೆ 1, ಕೆಲವೊಮ್ಮೆಗೆ 2, ಪದೇ ಪದೇಗೆ 3. ಕೂಡಿದರೆ 3ರಿಂದ 9ರ ನಡುವೆ ಒಂದು ಅಂಕ.

ಈ ಮೂರರಲ್ಲಿ ಎಲ್ಲೂ "ಒಂಟಿತನ" ಅನ್ನುವ ಮಾತಿಲ್ಲ. ಬೇಕಂತಲೇ. ನಾನು ಒಂಟಿ ಅಂತ ಒಪ್ಪಿಕೊಳ್ಳಲು ಎಲ್ಲ ದೇಶದಲ್ಲೂ ಜನರಿಗೆ ನಾಚಿಕೆ. ಹಾಗಂತ ಸುತ್ತಿ ಬಳಸಿ ಕೇಳುವುದರಲ್ಲೂ ಒಂದು ತೊಂದರೆ ಇದೆ. ನಾವು ಅಳೆಯುತ್ತಿರುವುದು ಒಂಟಿತನವೇ ಅಂತ ಹೇಗೆ ಹೇಳುವುದು? ಬ್ರಿಟನ್ 2018ರ ಜನವರಿಯಲ್ಲಿ ಒಂಟಿತನಕ್ಕೆ ಒಬ್ಬ ಮಂತ್ರಿಯನ್ನೇ ನೇಮಿಸಿತು. ಅದೇ ವರ್ಷದ ಕೊನೆಗೆ ಅಲ್ಲಿನ ಅಂಕಿಅಂಶ ಇಲಾಖೆ ಎರಡನ್ನೂ ಕೇಳಿ ಅಂದಿತು. ಈ ಮೂರು ಸುತ್ತುಪ್ರಶ್ನೆ, ಜೊತೆಗೆ "ನಿಮಗೆ ಎಷ್ಟು ಸಲ ಒಂಟಿ ಅನ್ನಿಸುತ್ತದೆ" ಅಂತ ಒಂದು ನೇರಪ್ರಶ್ನೆ. ಮಕ್ಕಳಿಗೆ ಮಾತು ಬದಲಿಸಿದರು. "ಜೊತೆಗೆ ಒಬ್ಬರಿರಬೇಕಿತ್ತು" ಅನ್ನುವ ಬದಲು "ಮಾತಾಡಲು ಯಾರೂ ಇಲ್ಲ ಅಂತ ಎಷ್ಟು ಸಲ ಅನ್ನಿಸುತ್ತದೆ". ಮಕ್ಕಳ ಜೊತೆ ಕೂತು, ಈ ಪ್ರಶ್ನೆ ಕೇಳಿದಾಗ ನಿನಗೆ ಏನು ಅರ್ಥವಾಯಿತು ಅಂತ ವಿಚಾರಿಸಿ ತಿದ್ದಿದ್ದು ಅದು. ಈ ಕೆಲಸವನ್ನು ನಾವು ಕನ್ನಡದಲ್ಲಿ ಮಾಡದೆ ಮುಂದೆ ಹೋಗಬಾರದು ಅನ್ನುವುದು ನನ್ನ ಹಟ.

ಯಾಕೆ ಅಂತೀರಾ? "ಒಂಟಿತನ" ಪುಸ್ತಕದ ಮಾತು. ಹಳ್ಳಿಯಲ್ಲಿ ಒಂಟಿ ಅಂದರೆ ಒಂಟಿ ಎತ್ತು, ಒಂಟಿ ಮರ, ಒಂಟಿ ಸಲಗ. "ಏಕಾಂಗಿ" ಇನ್ನೂ ದೂರ. "ಏಕಾಂತ" ಅಂದರೆ ಒಳ್ಳೆಯದು, ಹುಡುಕಿಕೊಂಡು ಹೋಗುವಂಥದ್ದು. "ಬೇಜಾರು" ಅಂದರೆ ದುಃಖವೂ ಹೌದು, ಮಾಡಲು ಏನೂ ಇಲ್ಲದ್ದೂ ಹೌದು, ಕೋಪವೂ ಹೌದು. ಮತ್ತೆ ಜನ ಏನಂತಾರೆ? "ಮನೆ ಬಿಕೋ ಅಂತದೆ." "ಹೊತ್ತೇ ಹೋಗಲ್ಲ." "ಅಂದ್ರೂ ಕೇಳೋರಿಲ್ಲ, ಬಿದ್ರೂ ಎತ್ತೋರಿಲ್ಲ." "ನನ್ನನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ." ನೋಡಿ, ಈ ಯಾವ ವಾಕ್ಯದಲ್ಲೂ "ನಾನು ಒಂಟಿ" ಅನ್ನುವುದಿಲ್ಲ. ಬಿಕೋ ಅನ್ನುವುದು ಮನೆ. ಹೋಗದೇ ಇರುವುದು ಹೊತ್ತು. ಲೆಕ್ಕಕ್ಕೆ ಇಟ್ಟುಕೊಳ್ಳದವರು ಬೇರೆಯವರು. ಕನ್ನಡದಲ್ಲಿ ಒಂಟಿತನ ಮನೆಯ ಮೇಲೆ, ಹೊತ್ತಿನ ಮೇಲೆ, ಉಳಿದವರ ಮೇಲೆ ಕೂತಿರುತ್ತದೆ. ಹಾಗಾಗಿ ಇಲ್ಲಿ ನೇರಪ್ರಶ್ನೆಗಿಂತ ಸುತ್ತುಪ್ರಶ್ನೆಯೇ ಜಾಸ್ತಿ ಹಿಡಿಯುತ್ತದೆ ಅಂತ ನನ್ನ ನಂಬಿಕೆ. ಆ ಮೂರು ಸುತ್ತುಪ್ರಶ್ನೆಗಳಲ್ಲಿ ಎರಡನೆಯದನ್ನು "ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಅನ್ನಿಸುತ್ತದಾ" ಅಂತ ಕೇಳಿ ನೋಡಿ. ಉತ್ತರ ಓಡಿ ಬರುತ್ತದೆ. ಸಂಖ್ಯಾಶಾಸ್ತ್ರ ಕಲಿಸಿದವನಿಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ, ಅದು ಬೇರೆ ವಿಷಯ.

ಉತ್ತರದ ಪದಗಳಲ್ಲೂ ಗುಂಡಿ ಇದೆ. "ಆಗಾಗ" ಅಂದರೆ ಪದೇ ಪದೇನಾ, ಅಪರೂಪಕ್ಕೊಮ್ಮೆನಾ? ಈ ಸಭೆಯಲ್ಲೇ ಕೈ ಎತ್ತಿಸೋಣ. (ಎತ್ತಿಸಿದೆ. ಹೆಚ್ಚೂಕಡಿಮೆ ಅರ್ಧರ್ಧ.) ನೋಡಿದಿರಾ? ಮೂರು ಅಂಕದ ಉತ್ತರಕ್ಕೆ "ಆಗಾಗ" ಅಂತ ಅನುವಾದ ಮಾಡಿದರೆ ತಿಂಗಳಿಗೊಮ್ಮೆ ಬೇಸರ ಆಗುವವರೂ ಅದಕ್ಕೇ ಗುರುತು ಹಾಕುತ್ತಾರೆ. ಒಂದು ಪದಕ್ಕೆ ಇಡೀ ಜಿಲ್ಲೆಯ ಒಂಟಿತನ ಏರಿಬಿಡುತ್ತದೆ. ಅನುವಾದವನ್ನು ಇನ್ನೊಬ್ಬರ ಕೈಲಿ ಮೂಲ ಭಾಷೆಗೆ ವಾಪಸ್ ಮಾಡಿಸಿ ತಾಳೆ ನೋಡುವ ಪದ್ಧತಿ ಇದೆ. ಅಲ್ಲಿ ಇದು ಸಿಕ್ಕಿಬೀಳಬೇಕಂತಿಲ್ಲ, ಏಕೆಂದರೆ ಅನುವಾದಕರಿಬ್ಬರೂ ಓದಿದವರು.

ಯಾರನ್ನು ಕೇಳಿದರು ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. 2018ರಲ್ಲೇ ಬಿ.ಬಿ.ಸಿ. ರೇಡಿಯೋ ಕೆಲವು ವಿಶ್ವವಿದ್ಯಾಲಯಗಳ ಜೊತೆ ಸೇರಿ ಒಂಟಿತನದ ಬಗ್ಗೆ ಇಂಟರ್ನೆಟ್ಟಿನಲ್ಲಿ ದೊಡ್ಡ ಸಮೀಕ್ಷೆ ಮಾಡಿತು. 55,000 ಜನ ಉತ್ತರಿಸಿದರು. 16ರಿಂದ 24 ವಯಸ್ಸಿನವರಲ್ಲಿ ಶೇಕಡಾ 40 ಮಂದಿ ಪದೇ ಪದೇ ಒಂಟಿ ಅನ್ನಿಸುತ್ತದೆ ಅಂದರು. ಅದೇ ಹೊತ್ತಿಗೆ ಸರ್ಕಾರಿ ಸಮೀಕ್ಷೆಯಲ್ಲಿ ಇಂಗ್ಲೆಂಡಿನ ಒಟ್ಟು ವಯಸ್ಕರಲ್ಲಿ ಸುಮಾರು ಶೇಕಡಾ 5, ಆ ಎಳೆಯ ವಯಸ್ಸಿನವರಲ್ಲಿ ಸುಮಾರು 10. ನಾಲ್ಕು ಪಟ್ಟು ವ್ಯತ್ಯಾಸ! ಪ್ರಶ್ನೆಯ ಮಾತುಗಳು ಬೇರೆ, ಅದು ಒಂದು. ದೊಡ್ಡದು ಇನ್ನೊಂದು. ರೇಡಿಯೋದಲ್ಲಿ ಒಂಟಿತನದ ಬಗ್ಗೆ ಕೇಳಿ, ಹುಡುಕಿಕೊಂಡು ಹೋಗಿ, ಉದ್ದದ ಫಾರಂ ತುಂಬುವವರು ಯಾರು? ಆ ವಿಷಯ ಎದೆಗೆ ತಟ್ಟಿದವರು. ಸರ್ಕಾರಿ ಸಮೀಕ್ಷೆ ವಿಳಾಸಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. 55,000 ಅನ್ನುವ ಗಾತ್ರ ನೋಡಿ ಮರುಳಾಗಬೇಡಿ. ಆದರೆ ಎರಡೂ ಒಂದು ಮಾತನ್ನು ಒಪ್ಪಿದವು: ಮುದುಕರಿಗಿಂತ ಎಳೆಯರೇ ಹೆಚ್ಚು ಒಂಟಿ. ರೇಡಿಯೋ ಸಮೀಕ್ಷೆಯಲ್ಲಿ 75 ದಾಟಿದವರಲ್ಲಿ ಶೇಕಡಾ 27. ಹಾಸ್ಟೆಲಿನಲ್ಲಿರುವ ನಿಮಗೆ ಇದು ಆಶ್ಚರ್ಯ ಅಲ್ಲ ಅಂತ ನಿಮ್ಮ ಮುಖ ಹೇಳುತ್ತಿದೆ.

ಪ್ರಶ್ನೆಗಳ ಸಾಲು ಕೂಡ ಆಟ ಆಡುತ್ತದೆ. ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 2008ರಿಂದ ದಿನಕ್ಕೆ ಸಾವಿರ ಜನರನ್ನು ಏಣಿಯ ಪ್ರಶ್ನೆ ಕೇಳುತ್ತಿತ್ತು. ಆಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞರು ಆ ಅಂಕಿಗಳಲ್ಲಿ ಒಂದು ವಿಚಿತ್ರ ಕಂಡರು. ಏಣಿಗಿಂತ ಮೊದಲು ರಾಜಕೀಯದ ಪ್ರಶ್ನೆ ಕೇಳಿದ್ದರೆ ಜನರ ಬದುಕಿನ ಅಂಕ ಧಡಕ್ಕನೆ ಬೀಳುತ್ತಿತ್ತು. ಎಷ್ಟು? ಒಬ್ಬರ ಕೆಲಸ ಹೋದಾಗ ಬೀಳುವುದಕ್ಕಿಂತ ಸ್ವಲ್ಪವೇ ಕಡಿಮೆ. ಅಷ್ಟು ಸರಾಸರಿ ಇಳಿಯಬೇಕಾದರೆ ದೇಶದ ಮುಕ್ಕಾಲು ಪಾಲು ಜನ ಕೆಲಸ ಕಳೆದುಕೊಳ್ಳಬೇಕಿತ್ತು ಅಂತ ಅವರು ಲೆಕ್ಕ ಹಾಕಿದರು. ಹಾಸನದಲ್ಲಿ ರಾಜಕೀಯ ಕೇಳಿದ ಮೇಲೆ ನೆಮ್ಮದಿ ಕೇಳುವ ಧೈರ್ಯ ನನಗಂತೂ ಇಲ್ಲ.

ಇದಕ್ಕೇ ಮನಸ್ಸಿನ ಪ್ರಶ್ನೆಗಳನ್ನು ಫಾರಂನ ಮೊದಲ ಭಾಗದಲ್ಲಿ ಇಡಬೇಕು ಅನ್ನುವುದು. ನಾನು ಕೆಲಸ ಮಾಡಿದ ಆ ಸಮೀಕ್ಷೆಯಲ್ಲಿ ಅವು ಕೊನೆಯ ಪುಟದಲ್ಲಿದ್ದವು. ದನ ಎಷ್ಟು, ಸಾಲ ಎಷ್ಟು, ಕಕ್ಕಸು ಇದೆಯಾ, ಎಲ್ಲ ಕೇಳಿ ಮುಗಿಸಿ, ಅವರೂ ಸುಸ್ತು, ನಾವೂ ಸುಸ್ತು. ಸಾಲದ ಮೊತ್ತ ಹೇಳಿಸಿದ ಹತ್ತು ನಿಮಿಷಕ್ಕೆ "ಎಷ್ಟು ತೃಪ್ತಿ?" ದಿನಕ್ಕೆ ಇಷ್ಟು ಮನೆ ಅಂತ ಗುರಿ ಬೇರೆ. ಸಂಜೆ ಬಸ್ಸಿನಲ್ಲಿ ಕೂತು ಉಳಿದ ಪುಟಗಳಿಗೆ "ಐದು, ಆರು" ಅಂತ ತುಂಬಿದವರನ್ನು ನಾನು ಕಂಡಿದ್ದೇನೆ. ನಾನು ತುಂಬಲಿಲ್ಲ ಅಂತ ಎದೆ ಮುಟ್ಟಿಕೊಂಡು ಹೇಳಲಾರೆ.

ಇನ್ನೊಂದು ಮಾತು ನಮ್ಮ ದೇಶಕ್ಕೆ ತುಂಬಾ ಮುಖ್ಯ. ನಮ್ಮ ಮನೆ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಯಜಮಾನರೊಬ್ಬರು ಎಲ್ಲರ ಪರವಾಗಿ ಹೇಳುತ್ತಾರೆ. ಜಮೀನು, ಓದು, ಕೆಲಸಕ್ಕೆ ಅದು ನಡೆಯುತ್ತದೆ. "ನಮ್ಮನೆಯವಳಿಗೆ ಏನು ಒಂಟಿತನ ಸಾರ್, ಮನೆ ತುಂಬಾ ಜನ" ಅನ್ನುವ ಉತ್ತರ ಬರೆದುಕೊಂಡರೆ ಆಯಿತೇ? ಬ್ರಿಟನ್ನಿನಲ್ಲೂ ಬೇರೆ ಪ್ರಶ್ನೆಗಳಿಗೆ ಮನೆಯವರು ಹೇಳಬಹುದು, ನಾನು ಮೊದಲು ಹೇಳಿದ ಆ ನಾಲ್ಕು ಪ್ರಶ್ನೆಗೆ ಮಾತ್ರ ಅವರವರೇ. ನಮ್ಮಲ್ಲೂ ಮಾದರಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ ಒಂದು ಭಾಗ ಇದೆ. ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ಕೇಳಬೇಕು, ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಕೇಳಬೇಕು. ಆ ಶಿಸ್ತನ್ನು ಒಂಟಿತನಕ್ಕೂ ತರಬಹುದು.

ನಮ್ಮ ದೇಶದಲ್ಲಿ ಏನೂ ಆಗಿಲ್ಲ ಅಂತಲ್ಲ. 2017-18ರಲ್ಲಿ ವಯಸ್ಸಾಗುವಿಕೆಯ ಬಗ್ಗೆ ದೊಡ್ಡ ರಾಷ್ಟ್ರೀಯ ಅಧ್ಯಯನದ ಮೊದಲ ಸುತ್ತು ನಡೆಯಿತು. ಲಾಸಿ ಅಂತಾರೆ. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಕೆಲಸ. 45 ದಾಟಿದವರು ಮತ್ತು ಅವರ ಸಂಗಾತಿಗಳು, ಒಟ್ಟು 72,250 ಜನ. ಬದುಕಿನ ತೃಪ್ತಿಯನ್ನೂ, ಹೋದ ವಾರದಲ್ಲಿ ಒಂಟಿ ಅನ್ನಿಸಿತೇ ಅನ್ನುವುದನ್ನೂ ಕೇಳಿದರು. ಅದೇ ಜನರನ್ನು ಮತ್ತೆ ಕೇಳುವುದು ಉದ್ದೇಶ, ಅದೇ ಅದರ ಶಕ್ತಿ. ಆದರೆ ಸಂಗಾತಿಗಳನ್ನು ಬಿಟ್ಟರೆ 45ರ ಕೆಳಗಿನವರು ಅದರಲ್ಲಿ ಇಲ್ಲ. ರಾಜ್ಯದ ಮಟ್ಟಕ್ಕೆ ಸರಿ, ಹಾಸನದ ಬಗ್ಗೆ ಹೇಳಲು ಬರುವುದಿಲ್ಲ.

ನನಗೆ ಆಸೆ ಹುಟ್ಟಿಸಿದ್ದು ಇನ್ನೊಂದು. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತು. ಬೆಳಗಿನ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳಿ ಬರೆದರು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು ಅಂತ ತಿಳಿದಿದ್ದು ಅದರಿಂದಲೇ. 2024ರಲ್ಲಿ ಮತ್ತೆ ಮಾಡಿದರು. ಏನು ಮಾಡಿದಿರಿ ಅಂತ ಇಷ್ಟು ಚೆನ್ನಾಗಿ ಕೇಳುವವರು, ಆಗ ಹೇಗನ್ನಿಸಿತು ಅಂತ ಕೇಳುವುದಿಲ್ಲ. ಅಮೆರಿಕದ ಇಂಥದೇ ಸಮೀಕ್ಷೆಯಲ್ಲಿ 2010ರಿಂದ ಕೆಲವು ವರ್ಷ, ದಿನದ ಮೂರು ಕೆಲಸಗಳನ್ನು ಆರಿಸಿ, ಅದು ಮಾಡುವಾಗ ಎಷ್ಟು ಖುಷಿ, ಎಷ್ಟು ದುಃಖ, ಎಷ್ಟು ಸುಸ್ತು ಅಂತ ಕೇಳಿದ್ದಾರೆ. ನಮ್ಮದಕ್ಕೂ ಅದನ್ನು ಸೇರಿಸಿದರೆ ಸಂಜೆ ನಾಲ್ಕರ ಬಿಕೋ ಎಷ್ಟು ನಿಮಿಷದ್ದು ಅಂತ ಗೊತ್ತಾಗುತ್ತದೆ. ಒಂಟಿಮನೆಯ ಆ ಅಜ್ಜಿ ಅದಕ್ಕೆ ಉತ್ತರ ಕೊಡುತ್ತಿದ್ದರು.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

ಮೊದಲ ಪ್ರಶ್ನೆ ಒಬ್ಬ ವಿದ್ಯಾರ್ಥಿಯದು. ನಾವು ಪ್ರಾಜೆಕ್ಟಿಗೆ ಹಾಸನದ 400 ಜನರನ್ನು ಕೇಳಿದರೆ ಸಾಕಾ?

ಲೆಕ್ಕ ಹಾಕೋಣ. 400ರಲ್ಲಿ 20 ಜನ ಒಂಟಿ ಅಂದರು ಅನ್ನಿ, ಶೇಕಡಾ 5. ಚೀಟಿ ಎತ್ತಿದ ಹಾಗೆ ಆರಿಸಿದ್ದರೂ ನಿಜವಾದದ್ದು 3ರಿಂದ 7ರ ನಡುವೆ ಎಲ್ಲೋ ಇರುತ್ತದೆ. ಒಂದೇ ಬೀದಿಯವರನ್ನು ಕೇಳಿದ್ದರೆ ಇನ್ನೂ ಅಗಲ. ಮುಂದಿನ ವರ್ಷ 6 ಬಂದರೆ "ಒಂಟಿತನ ಏರಿಕೆ" ಅಂತ ತಲೆಬರಹ ಕೊಡಬೇಡಿ. ಊರಿಗೆ ಒಂದು ನಂಬರ್ ಕೊಡುವ ಆಸೆ ಬಿಟ್ಟು, 30 ಜನರ ಜೊತೆ ಕೂತು ಆ ಮೂರು ಪ್ರಶ್ನೆಗಳಿಗೆ ಒಳ್ಳೆಯ ಕನ್ನಡ ಹುಡುಕಿ. ಅದು ಮುಂದೆ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಒಬ್ಬ ಮೇಷ್ಟ್ರು ಕೇಳಿದರು. ಇದೆಲ್ಲ ಶ್ರೀಮಂತ ದೇಶದವರ ಚಿಂತೆ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನಿನಲ್ಲಿ ವರದಿ ಕೊಟ್ಟಿತು. ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಒಂಟಿತನ, ಬಡ ದೇಶಗಳಲ್ಲಿ ಕಡಿಮೆ ಏನಿಲ್ಲ ಅಂದಿತು. ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವೈದ್ಯ ವಿವೇಕ್ ಮೂರ್ತಿ. ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಇಲ್ಲಿಂದ ದೂರ ಏನಲ್ಲ.

ಹಿಂದಿನ ಸಾಲಿನಿಂದ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತರು. ನಾವು ಹೋಗಿ ಕೇಳುತ್ತೇವೆ, ಅವರು ಅಳುತ್ತಾರೆ, ಆಮೇಲೆ ನಾವೇನು ಮಾಡಬೇಕು?

ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಅತಿ ಕಷ್ಟದ್ದು ಇದು. ಫಾರಂ ಬದಿಗಿಡಿ. ಅದು ಮೊದಲು. ಆ ಮನೆಯನ್ನು ಅರ್ಧಕ್ಕೆ ಬಿಟ್ಟರೆ ಲೆಕ್ಕ ಕೆಡುವುದಿಲ್ಲ, ಲೆಕ್ಕದಲ್ಲಿ ಅದಕ್ಕೂ ಜಾಗ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಆ ನಂಬರನ್ನು ಎಲ್ಲರಿಗೂ ಕೊಟ್ಟು ಬನ್ನಿ, ಅತ್ತವರಿಗೆ ಮಾತ್ರ ಅಲ್ಲ. ಮತ್ತೆ ನಿಮಗೆ ದಿನಕ್ಕೆ ಇಷ್ಟು ಮನೆ ಅಂತ ಗುರಿ ಕೊಡುವವರಿಗೆ, ಇಂಥ ಪ್ರಶ್ನೆ ಇರುವ ಫಾರಂ ಆದರೆ ಗುರಿ ಅರ್ಧ ಮಾಡಿ ಅಂತ ಹೇಳಬೇಕು. ನೀವು ಹೇಳಿದರೆ ಕೇಳುವುದಿಲ್ಲ ಅಂತ ಗೊತ್ತು. ನಮ್ಮಂಥವರು ಬರೆದು ಹೇಳಬೇಕು.

ಕೊನೆಗೆ ಒಬ್ಬ ಹುಡುಗ ನಗುತ್ತಾ ಕೇಳಿದ. ಸಾರ್, ನಿಮ್ಮ ನಂಬರ್ ಎಷ್ಟು?

ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಾಳೆ. ಹತ್ತು ಬರ್ಕೊಳಪ್ಪ.